ಬೆಳ್ಳಕ್ಕಿಯ ಕೊಕ್ಕಿನ ಬಣ್ಣ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರು ನಿರ್ವಾಣಯ್ಯನವರು ಹಕ್ಕಿ ನೋಡುವುದನ್ನೂ ಪಾಠವೆಂದೇ ಕಲಿಸುತ್ತಿದ್ದರು.

ಹೊಳೆಯಾಚೆ ಒಂದು ಕೆರೆ. ಹಕ್ಕಿಗಳು ಗೂಡು ಕಟ್ಟಿವೆ ಎಂದು ಆಶ್ರಮದಿಂದ ಕೆರೆ ಕಾವಲಿಗೆ ಹೋದವನು ಹೇಳಿದರೆ ಊರವರು ಮೀನಿಗೆ ಬಲೆ ಬಿಡುವುದನ್ನು ನಿಲ್ಲಿಸುತ್ತಿದ್ದರು. ಮರಿಗಳು ಹಾರಿಹೋದವು ಎಂದರೆ ಮತ್ತೆ ಬಿಡುತ್ತಿದ್ದರು. ಅವನ ಮಾತಿನ ಮೇಲೆ ಅವರ ಊಟ. ಆ ಕಾವಲಿಗೆ ಹೋಗಬೇಕೆಂದು ಶಿಷ್ಯ ಮರಿಸ್ವಾಮಿ ವರ್ಷಗಳಿಂದ ಕಾದಿದ್ದ.

ಒಂದು ಬೆಳಿಗ್ಗೆ ಗುರುಗಳು ಟವೆಲು ಹಾಸಿ ಮೂರು ದುರ್ಬೀನುಗಳನ್ನಿಟ್ಟರು. ಒಂದು ದಪ್ಪನೆಯದು, ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವಂಥದು. ಇನ್ನೊಂದು ಎಂಟು ಪಟ್ಟಿನದು, ನೋಡಲು ಸಾದಾ. ಮೂರನೆಯದು ಗುರುಗಳು ದಿನವೂ ಕೊರಳಿಗೆ ಹಾಕಿಕೊಳ್ಳುವ ಹಳೆಯದು.

"ಒಂದನ್ನು ಆರಿಸಿಕೊ. ಸರಿಯಾಗಿ ಆರಿಸಿದರೆ ಕೆರೆಗೆ ಹೋಗುವೆಯಂತೆ."

ಮರಿಸ್ವಾಮಿ ಉಳಿದೆರಡನ್ನು ಮುಟ್ಟಿಯೂ ನೋಡಲಿಲ್ಲ. ಹಳೆಯದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ.

"ನನಗೆ ಇದೇ ಸಾಕು ಬುದ್ದಿ."

"ಪೂಜೆ ಆಮೇಲೆ ಮಾಡುವೆಯಂತೆ. ಮೊದಲು ನೋಡು. ಹೊಳೆಯ ನಡುಗಡ್ಡೆಯ ಮೇಲೆ ಬೆಳ್ಳಕ್ಕಿ ಇದೆ. ಕಾಣುತ್ತದೆಯೇ?"

ಅವನಿಗೆ ಕಂಡದ್ದು ಹಿಟ್ಟು ಚೆಲ್ಲಿದಂಥ ಒಂದು ಬಿಳಿ ಕಲೆ. ಗುರುಗಳ ದುರ್ಬೀನು ಮಂಜು ಎಂದು ಹೇಳುವುದು ಹೇಗೆ? ಅವರು ತಿರುಗಿಸಿಟ್ಟ ಚಕ್ರವನ್ನು ತಾನು ತಿರುಗಿಸಲೂ ಕೈ ಬರಲಿಲ್ಲ.

"ಚೆನ್ನಾಗಿ ಕಾಣುತ್ತದೆ ಬುದ್ದಿ."

"ಕೊಕ್ಕು ಯಾವ ಬಣ್ಣ?"

ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು ಎಂದು ಅವನು ಕಲಿತಿದ್ದ.

"ಕಪ್ಪು."

"ಕೊಡು ಇಲ್ಲಿ." ಗುರುಗಳು ನೋಡಿದರು. "ಹಕ್ಕಿ ನಿದ್ದೆ ಮಾಡುತ್ತಿದೆ. ಕೊಕ್ಕು ರೆಕ್ಕೆಯೊಳಗಿದೆ."

ಅವರು ದುರ್ಬೀನನ್ನು ಕೆಳಗಿಳಿಸಿದರು.

"ಕೆರೆಯಿಂದಲೂ ಹೀಗೇ ಹೇಳಿ ಕಳಿಸುವೆಯೇನಯ್ಯ? ಊರವರ ಒಲೆ ನಂದಿಸಲು ಇಂಥ ಒಂದು ಮಾತು ಸಾಕು."

"ತಪ್ಪಾಯಿತು ಬುದ್ದಿ. ಮಂಜಾಗಿತ್ತು. ನಿಮ್ಮದು ಅಂತ..."

"ನನ್ನ ಕಣ್ಣಿಗೆ ಹೊಂದಿಸಿಟ್ಟದ್ದು ನಿನ್ನ ಕಣ್ಣಿಗೆ ಹೇಗೆ ಸರಿಹೋದೀತು? ಎಡಗಣ್ಣಿಗೆ ನಡುವಿನ ಚಕ್ರ, ಬಲಗಣ್ಣಿಗೆ ಈ ಬಳೆ. ತಿರುಗಿಸು. ಮೂರರಲ್ಲೂ ನೋಡು. ಆಮೇಲೆ ಬಾಯಿ ಬಿಡು."

ಬಿಸಿಲೇರುವವರೆಗೂ ಅವನು ನೋಡಿದ. ಬೆಳ್ಳಕ್ಕಿ ಎದ್ದಿತು, ಮೀನು ಹಿಡಿಯಿತು, ಹಾರಿತು, ಮತ್ತೆ ಬಂದು ಕೂತಿತು.

"ದಪ್ಪನೆಯದು ಬೇಡ ಬುದ್ದಿ. ಹಕ್ಕಿಯ ಜೊತೆಗೆ ನನ್ನ ಕೈನಡುಕವೂ ಹನ್ನೆರಡು ಪಟ್ಟಾಗುತ್ತದೆ. ಹಾರಿದ್ದನ್ನು ಹುಡುಕುವಷ್ಟರಲ್ಲಿ ಅದು ಆಚೆ ದಡ ಸೇರಿತ್ತು. ಈ ಸಾದಾ ಎಂಟು ಪಟ್ಟಿನದು ಅಲುಗದೆ ತೋರಿಸುತ್ತದೆ, ಸುತ್ತಲಿನದನ್ನೂ ತೋರಿಸುತ್ತದೆ. ಕೊರಳಿಗೂ ಭಾರವಿಲ್ಲ."

"ನನ್ನದು?"

ಮರಿಸ್ವಾಮಿ ನೆಲ ನೋಡಿದ.

"ಕೇಳಿದ್ದು ಕೇಳಿಸಿತೇ?"

"ನಿಮ್ಮದರ ಗಾಜಿನೊಳಗೆ ಬೂಷ್ಟು ಹಿಡಿದಿದೆ ಬುದ್ದಿ. ನೆರಳಿನಲ್ಲಿರುವುದು ಕಾಣುವುದೇ ಇಲ್ಲ."

ಗುರುಗಳು ಸಾದಾ ದುರ್ಬೀನನ್ನು ಎತ್ತಿ ಅವನ ಕೊರಳಿಗೆ ಹಾಕಿದರು.

"ಬೂಷ್ಟು ಹಿಡಿದು ಎಷ್ಟೋ ಮಳೆಗಾಲವಾಯಿತು. ನಿನಗಿಂತ ಮೊದಲು ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಊಟ ಮಾಡಿ ಕೆರೆಗೆ ಹೊರಡು."