ಅಣ್ಣನಿಗೆ ಕೊಡಬೇಕಿದ್ದ ಕೋವಿ

"ಗುರುಗಳೇ, ಮನಸ್ತಾಪವಾದವರ ಮನೆಗೆ ಬರಿಗೈಯಲ್ಲಿ ಹೋಗಬಹುದೇ?" ಎಂದು ಶಿಷ್ಯ ಬೆಳ್ಯಪ್ಪ ಕೇಳಿದ. "ನಮ್ಮ ಸೋದರಮಾವನೊಂದಿಗೆ ಮಾತು ಬಿಟ್ಟು ಬಹಳ ಕಾಲವಾಯಿತು. ಒಳ್ಳೆಯ ಕಾಣಿಕೆಯೊಂದು ಕೈಗೂಡಿದ ಮೇಲೆ ಹೋಗೋಣವೆಂದಿದ್ದೇನೆ."

ಗುರುಗಳು ನಕ್ಕರು. "ಕೂತುಕೋ. ಒಂದು ಕೋವಿಯ ಕತೆ ಹೇಳುತ್ತೇನೆ. ಕೋವಿಯ ವಿಚಾರದಲ್ಲಿ ನನ್ನಷ್ಟು ಬಲ್ಲವರು ಏಳು ಸೀಮೆಯಲ್ಲಿಲ್ಲ. ಇದುವರೆಗೆ ಒಂದು ಗುಂಡೂ ಹಾರಿಸಿಲ್ಲ, ಅದೊಂದೇ ಕೊರತೆ."

ಒಬ್ಬ ರೈತನಿದ್ದ. ಅವನಿಗೊಬ್ಬ ಅಣ್ಣ. ಮನೆ ಪಾಲಾದಾಗ ಅಪ್ಪನ ಸಣ್ಣ ನಳಿಗೆಯ ಕೋವಿ ತಮ್ಮನಿಗೆ ಬಂತು. "ನನ್ನ ಹೆಗಲಿಗೆ ಒಗ್ಗಿದ ಕೋವಿ, ನನಗೆ ಕೊಡೋ" ಎಂದು ಅಣ್ಣ ಕೇಳಿದ. ತಮ್ಮ ಕೊಡಲಿಲ್ಲ. ಕೊಡದವನು ತಾನಾದರೂ ಬಳಸಿದನೇ? ಅದೂ ಇಲ್ಲ. ಕೊಟ್ಟಿಗೆಯ ಅಟ್ಟಕ್ಕೆ ಎಸೆದ. ಅಂದಿನಿಂದ ಮಾತು ನಿಂತಿತು. ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗದ್ದೆ. ಅದನ್ನು ದಾಟಲು ವರ್ಷಗಟ್ಟಲೆ ಇಬ್ಬರಿಗೂ ಕಾಲು ಬರಲಿಲ್ಲ.

ಒಂದು ದಿನ ಅಣ್ಣ ಹಾಸಿಗೆ ಹಿಡಿದನೆಂಬ ಸುದ್ದಿ ಬಂತು. ರೈತ ಕೂಡಲೇ ಎದ್ದ. ಕೋವಿಯನ್ನು ಅಣ್ಣನ ಕೈಗಿಟ್ಟು ತಪ್ಪಾಯಿತು ಎನ್ನಬೇಕೆಂದು ಅಟ್ಟ ಹತ್ತಿದ. ಇಳಿಸಿ ತಂದದ್ದನ್ನು ನೋಡಿ ಹೆಂಡತಿ, "ಇದೇನು, ಒಣಗಿದ ಹುಣಸೆಕಾಯಿಯೇ?" ಎಂದಳು. ತುಕ್ಕು ಹಾಗಿತ್ತು. ನಳಿಗೆಯೊಳಗೆ ಕಣಜಗಳು ಮಣ್ಣಿನ ಗೂಡು ಕಟ್ಟಿ, ಮೊಮ್ಮಕ್ಕಳನ್ನು ಕಂಡು, ಅವೂ ಪಾಲಾಗಿದ್ದವು.

ಇದನ್ನು ಹೀಗೇ ಕೊಡುವುದು ಹೇಗೆ? ಅಪ್ಪನ ಕೋವಿಯನ್ನು ಕೊಳೆಹಾಕಿದ ಎಂದು ಅಣ್ಣ ಅಂದುಕೊಂಡರೆ? ಮೊದಲು ಹೊಸದರಂತೆ ಮಾಡೋಣ, ಆಮೇಲೆ ಹೋಗೋಣ ಎಂದು ರೈತ ನಿಶ್ಚಯಿಸಿದ.

ಗೂಡು ಕೆಡವಿದ. ಕಬ್ಬಿಣದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿದ. ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆ ಉಜ್ಜಿದ, ಕಣ್ಣಿಟ್ಟು ನೋಡಿದ, ಮತ್ತೆ ಉಜ್ಜಿದ. ಮರದ ಹಿಡಿಗೆ ಹೊನ್ನೆ ಎಣ್ಣೆ ತಿಕ್ಕಿದ. ಕೆಲಸ ಸಾಗಿದಂತೆ ಅವನ ಜಂಬವೂ ಬೆಳೆಯಿತು. "ಈ ಕೋವಿ ಮಾಡಿದ ಬಿಳಿ ದೊರೆಯೇ ಬಂದರೂ ನನ್ನ ಹತ್ತಿರ ಆರು ತಿಂಗಳು ಕಲಿಯಬೇಕು" ಎಂದ.

"ಕಲಿಯಲಿ. ಅಷ್ಟರಲ್ಲಿ ನೀವು ಹೋಗಿ ಭಾವನವರನ್ನು ನೋಡಿಕೊಂಡು ಬನ್ನಿ" ಎಂದಳು ಹೆಂಡತಿ.

"ಇನ್ನೊಂದು ಕೈ ಎಣ್ಣೆ ಬೀಳಲಿ."

ಒಂದು ಮಧ್ಯಾಹ್ನ ರೈತ ತಲೆಯೆತ್ತಿ ನೋಡುತ್ತಾನೆ, ಅಣ್ಣ ಕೋಲೂರಿಕೊಂಡು ಗದ್ದೆಯ ಬದುವಿನ ಮೇಲೆ ಬರುತ್ತಿದ್ದಾನೆ. ಬಿಚ್ಚಿದ ಕೋವಿ ಒಳಗೆ ಗೋಣಿಯ ಮೇಲೆ ಹರಡಿತ್ತು. ಅದನ್ನು ಅಣ್ಣ ಈ ಸ್ಥಿತಿಯಲ್ಲಿ ನೋಡಬಾರದು. ರೈತ ಮೇಲೊಂದು ಕಂಬಳಿ ಎಸೆದು, ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ಅಣ್ಣ, ಈಗ ಒಳಗೆ ಬರಬೇಡ."

ಅಣ್ಣ ಏದುಸಿರು ಬಿಡುತ್ತಿದ್ದ. "ಯಾಕೋ?"

"ಒಂದು ಕೆಲಸ ಅರ್ಧದಲ್ಲಿದೆ. ಮುಗಿಯಲಿ, ನಾನೇ ಬರುತ್ತೇನೆ. ಊರೆಲ್ಲ ನಿಂತು ನೋಡಬೇಕು, ಹಾಗೆ ಬರುತ್ತೇನೆ."

ಅಣ್ಣ ತಮ್ಮನ ಮುಖವನ್ನೇ ನೋಡಿದ. "ಕುಡಿಯಲು ನೀರಾದರೂ ಕೊಡ್ತೀಯೇನೋ?" ಎಂದ. ರೈತ ಅಂಗಳಕ್ಕೆ ನೀರು ತಂದುಕೊಟ್ಟ. ಅಣ್ಣ ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟ. "ಮೂಗಿಗೆ ಮಸಿ ಹತ್ತಿದೆ, ಒರೆಸಿಕೋ" ಎಂದು ಹೇಳಿ, ಬಂದ ದಾರಿಯಲ್ಲೇ ನಡೆದ.

ಎಂಥ ಗುಟ್ಟು ಕಾಪಾಡಿದೆನೆಂದು ರೈತನಿಗೆ ಹಿಗ್ಗು. ಇಮ್ಮಡಿ ಹುರುಪಿನಿಂದ ದುಡಿದ. ಕೋವಿ ಕೂಡಿಕೊಂಡಿತು. ಗುಂಡು ಹಾರಿಸುವ ಕುದುರೆ ಎಳೆದರೆ ಗಡಿಯಾರದ ಹಾಗೆ ಟಕ್ಕೆನ್ನುತ್ತಿತ್ತು. ಅದನ್ನು ಮಡಿ ಪಂಚೆಯಲ್ಲಿ ಸುತ್ತಿ, ಒಳ್ಳೆಯ ಅಂಗಿ ತೊಟ್ಟು ಹೊರಡುವ ಹೊತ್ತಿಗೆ ಅಣ್ಣನ ಮಗ ಬಾಗಿಲಲ್ಲಿ ನಿಂತಿದ್ದ.

"ಚಿಕ್ಕಪ್ಪ, ಅಪ್ಪ ಹೋಗಿಬಿಟ್ಟರು. ನಮ್ಮ ಮನೆಯಲ್ಲಿ ಕೋವಿಯಿಲ್ಲ. ನಿಮ್ಮದು ತರುತ್ತೀರಾ?"

ಸಾವಾದ ಮನೆಯ ಅಂಗಳದಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಆ ಸೀಮೆಯ ಪದ್ಧತಿ. ರೈತ ಗದ್ದೆ ದಾಟಿ ಹೋದ. ಅಣ್ಣನ ಅಂಗಳದಲ್ಲಿ ನಿಂತು ಒಂದು ತೋಟೆ ತುಂಬಿ ಹಾರಿಸಿದ. ಇನ್ನೊಂದು ತುಂಬಿ ಹಾರಿಸಿದ. ಕೋವಿ ಒಂದಿಷ್ಟೂ ತಡವರಿಸಲಿಲ್ಲ. ಗುಡ್ಡದಾಚೆಯ ಊರಿನವರೂ ಬಂದು ಸೇರಿದರು. "ಎಂಥ ಸದ್ದು! ಯಾರು ರಿಪೇರಿ ಮಾಡಿದ್ದು?" ಎಂದು ಕೇಳಿದರು. ಜಂಬದ ರೈತ ಆ ದಿನ "ನಾನು" ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖದಲ್ಲಿ ಈಗ ನಗೆಯಿರಲಿಲ್ಲ.

ಬೆಳ್ಯಪ್ಪ ನಿಟ್ಟುಸಿರು ಬಿಟ್ಟ. "ಪಾಪ, ಅಷ್ಟು ಚಂದ ಮಾಡಿದ ಕೋವಿಯನ್ನು ಅಣ್ಣ ನೋಡಲೇ ಇಲ್ಲವಲ್ಲ, ಗುರುಗಳೇ."

"ಅವನು ಕೋವಿ ನೋಡಲು ಬಂದಿರಲಿಲ್ಲ, ಬೆಳ್ಯಪ್ಪ."