ಬೇಟೆಗತ್ತಿಯ ಕೊನೆಯ ಪರೀಕ್ಷೆ

"ಸಾಕು ಅನ್ನೋ ಮಾತು ನಮ್ಮ ವಂಶದಲ್ಲಿ ಒಬ್ಬನ ಬಾಯಿಂದಲೂ ಬಂದಿಲ್ಲ!"

ಹದ್ದಿನಗುಡ್ಡದ ಪಾಳೆಯಗಾರ ಕೆಂಚವೀರ ನಾಯಕ ದಿನಕ್ಕೆ ಮೂರು ಸಲ ಹೀಗೆಂದು ಮೀಸೆ ತಿರುವುತ್ತಿದ್ದ. ತಿರುವಲಿ, ಮೀಸೆ ಅವನದು. ಆದರೆ ಆ ಮಾತಿನಿಂದ ಊರಿಗೆ ಬಂದ ಪಾಡನ್ನು ಏನೆಂದು ಹೇಳೋಣ!

ಸಂಗತಿ ಇಷ್ಟು. ಕಾಡಿಗೆ ಒಯ್ಯಲು ನಾಯಕನಿಗೆ ಒಂದು ಬೇಟೆಗತ್ತಿ ಬೇಕಾಗಿತ್ತು. ಮೊಳದುದ್ದ, ಅಂಗೈಯಗಲ, ಮಡಿಚುವ ಗೊಡವೆಯಿಲ್ಲದೆ ಹಿಡಿಯ ತುದಿಯವರೆಗೂ ಒಂದೇ ಉಕ್ಕಿನದು. ಪರೀಕ್ಷೆಯೋ, ನಾಯಕ ಬಾಯಿಬಿಟ್ಟು "ಸಾಕು" ಎನ್ನುವವರೆಗೆ. ಅಲ್ಲಿಯತನಕ ಬಾಳಿದರೆ ಕತ್ತಿ ನಾಯಕನ ನಡುವಿಗೆ, ಅರಮನೆಯ ಕೆಲಸ ಕಮ್ಮಾರನಿಗೆ. ಮುರಿದರೆ ಕಮ್ಮಾರ ಕಬ್ಬಿಣ ಬಡಿಯುವ ಅಡಿಗಲ್ಲು ಅರಮನೆಗೆ, ಕಮ್ಮಾರ ಊರಾಚೆಗೆ.

ನಾಯಕ ಸಾಕು ಅನ್ನುವವನೇ? ಆರು ಜನ ಕಮ್ಮಾರರು ಗಂಟುಮೂಟೆ ಕಟ್ಟಿದರು. ಊರಲ್ಲಿ ಕುಡುಗೋಲು ತಟ್ಟಿಕೊಡುವವರಿಲ್ಲ, ನೇಗಿಲಿಗೆ ಗುಳ ಹಾಕುವವರಿಲ್ಲ. ಅರಮನೆಯ ಅಡುಗೆ, ಉಗ್ರಾಣ ನೋಡಿಕೊಳ್ಳುವ ಪಾರುಪತ್ಯಗಾರ ಶೇಷಗಿರಿಯಪ್ಪನ ಈಳಿಗೆಮಣೆಯಂತೂ ಎಷ್ಟು ಮೊಂಡಾಗಿತ್ತೆಂದರೆ, ಪಾಪ, ಕುಂಬಳಕಾಯಿಯನ್ನು ಮೆಟ್ಟಿಲ ಮೇಲೆ ಎತ್ತಿಹಾಕಿ ಹೋಳು ಮಾಡುವ ಸ್ಥಿತಿ.

ಕೊನೆಗೆ ಉಳಿದಿದ್ದವನು ಕಾಳಾಚಾರಿ ಒಬ್ಬನೇ. ಅವನಿಗೂ ಕರೆ ಬಂತು. ಕತ್ತಿ ತಂದ.

ಮೊದಲ ದಿನ ಒಂದು ಮೆಳೆ ಬಿದಿರು ಕಡಿದರು. ಕತ್ತಿಗೇನೂ ಆಗಲಿಲ್ಲ. ಎರಡನೆಯ ದಿನ ಅದರಲ್ಲೇ ಆಳುದ್ದ ಗುಂಡಿ ತೋಡಿದರು. ಮೂರನೆಯ ದಿನ ಹುಣಸೆಮರಕ್ಕೆ ನೆಟ್ಟು, ಅದರ ಮೇಲೆ ಮಾವುತನನ್ನು ನಿಲ್ಲಿಸಿದರು. ಮಾವುತ ತೂಕಡಿಸಿ ಬಿದ್ದ, ಕತ್ತಿ ಬೀಳಲಿಲ್ಲ. ನಾಲ್ಕನೆಯ ದಿನ ಅದನ್ನೇ ಹಾರೆ ಮಾಡಿಕೊಂಡು ಕೋಟೆಬಾಗಿಲನ್ನು ಮೀಟಿದರು. ಬಾಗಿಲು ಕಿತ್ತು ಬಂತು! ಎರಡು ದಿನ ಊರಿನ ದನಗಳೆಲ್ಲ ದರ್ಬಾರಿಗೆ ಬಂದು ಹೋದವು.

"ಬುದ್ಧೀ, ಇನ್ನಾದರೂ…" ಎಂದ ಕಾಳಾಚಾರಿ.

"ಇನ್ನಾದರೂ ಏನಯ್ಯಾ? ನಾಳೆ ಫಿರಂಗಿ ಬಾಯಿಗೆ ಕಟ್ಟಿ ಗುಂಡು ಹಾರಿಸಿ!"

ಶೇಷಗಿರಿಯಪ್ಪನ ಕಣ್ಣಮುಂದೆ ಅಡುಗೆಮನೆಯ ಮೂಲೆಯಲ್ಲಿದ್ದ ಮೂವತ್ತು ಕುಂಬಳಕಾಯಿ ಸಾಲಾಗಿ ಬಂದು ನಿಂತವು. ಅವನು ಎದ್ದ.

"ಫಿರಂಗಿ ಇರಲಿ ದೊರೆಗಳೇ, ಮುಖ್ಯವಾದ ಪರೀಕ್ಷೆಯೇ ಆಗಿಲ್ಲವಲ್ಲ!"

"ಯಾವುದಯ್ಯಾ ಅದು?"

"ಕಾಡಿನಲ್ಲಿ ಬಿಡಾರ ಹೂಡಿದ್ದೀರಿ. ಒಲೆ ಹೊತ್ತಿದೆ, ಹೋಳಿಗೆ ಬೆಂದಿದೆ. ಸಟ್ಟುಗ ಮನೆಯಲ್ಲೇ ಉಳಿದಿದೆ. ಆಗ ಬಡಿಸೋದು ಯಾವುದರಲ್ಲಿ? ಫಿರಂಗಿಯಲ್ಲೇ?"

ನಾಯಕ ತೊಡೆ ತಟ್ಟಿದ. "ಹೌದಲ್ಲವೋ! ನಾಳೆ ಮಧ್ಯಾಹ್ನ ಅದೇ ಆಗಲಿ. ಫಿರಂಗಿ ಊಟವಾದ ಮೇಲೆ."

"ಇದೂ ಪರೀಕ್ಷೆಯೇ ತಾನೇ? ಆಮೇಲೆ ಬರೀ ಊಟ ಅನ್ನಬಾರದು."

"ಪರೀಕ್ಷೆಯೇ ಕಣಯ್ಯಾ! ಎಲ್ಲರೂ ಕೇಳಿದ್ದೀರಲ್ಲ?"

ಎಲ್ಲರೂ ಕೇಳಿದ್ದರು.

ಮರುದಿನ ಪಂಕ್ತಿ ಕೂತಿತು. ಶೇಷಗಿರಿಯಪ್ಪ ಕತ್ತಿಯನ್ನು ಹುಣಸೆಹಣ್ಣು ಹಾಕಿ ಥಳಥಳ ಬೆಳಗಿ, ಅದರ ಮೇಲೆ ಬಿಸಿ ಹೋಳಿಗೆ ಇಟ್ಟುಕೊಂಡು ತಾನೇ ಬಂದ. ಹೋಳಿಗೆ ಜಾರಿ ನಾಯಕನ ಎಲೆಯ ಮಧ್ಯಕ್ಕೇ ಬಿತ್ತು. ಹಿಂದೆಯೇ ಅಲಗಿನ ಮೇಲಿಂದ ತುಪ್ಪ ಹರಿದು ಬಂತು. ನಾಯಕ ಖುಷಿಯಾದ. ಎರಡು ತಿಂದ, ನಾಲ್ಕು ತಿಂದ. ಏಳಕ್ಕೆ ಮುಟ್ಟಿದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಕೈ ಹಿಡಿದರೆ ಆಗೋಲ್ಲ ದೊರೆಗಳೇ. ಬಾಯಲ್ಲಿ ಹೇಳೋತನಕ ಬಡಿಸಬೇಕು. ಪಂಕ್ತಿಯ ಪದ್ಧತಿ."

ನಾಯಕ ಬಾಯಿ ತೆರೆದ. ಅಷ್ಟರಲ್ಲಿ ಕಾಳಾಚಾರಿಯ ಮುಖ ಕಣ್ಣಿಗೆ ಬಿತ್ತು. ಶೇಷಗಿರಿಯಪ್ಪನ ಕೈಯಲ್ಲಿದ್ದ ಕತ್ತಿಯೂ ಕಣ್ಣಿಗೆ ಬಿತ್ತು. ತೆರೆದ ಬಾಯಿಯನ್ನು ಗಪ್ಪನೆ ಮುಚ್ಚಿದ.

"ಹಾಕು!" ಎಂದ ಹಲ್ಲು ಕಚ್ಚಿ.

ಎಂಟು. ಒಂಬತ್ತು. ಎಲೆಯಲ್ಲಿ ಬಿಟ್ಟು ಏಳುವಂತಿಲ್ಲ, ಅನ್ನಕ್ಕೆ ಅವಮಾನ. ನಾಯಕನ ಅಪ್ಪನೇ ಮಾಡಿದ ಕಟ್ಟಲೆ. ಹನ್ನೊಂದಕ್ಕೆ ಹಣೆಯಲ್ಲಿ ಬೆವರು. ಹದಿಮೂರಕ್ಕೆ ರಾಣಿ ಎದ್ದುಬಂದು ಬೀಸಣಿಗೆ ಬೀಸತೊಡಗಿದಳು. "ಯಾಕ್ರೀ ಹಿಂಗೆ? ಒಂದು ಮಾತು ಹೇಳಬಾರದೇ?" ಎಂದಳು. ನಾಯಕ ತಲೆಯಲ್ಲಾಡಿಸಿದ. ಮೀಸೆಯ ಎರಡು ತುದಿಯೂ ತುಪ್ಪದಲ್ಲಿ ಅದ್ದಿ ಕೆಳಕ್ಕೆ ಇಳಿಬಿದ್ದಿದ್ದವು.

"ಚಿಕ್ಕದೊಂದು, ದೊರೆಗಳೇ. ನನ್ನ ಸಂತೋಷಕ್ಕೆ," ಎಂದು ಶೇಷಗಿರಿಯಪ್ಪ ಹದಿನೇಳನೆಯದನ್ನು ಕತ್ತಿಯ ಮೇಲಿಂದ ಜಾರಿಸಿದ. ಅದು ಚಿಕ್ಕದೇನೂ ಆಗಿರಲಿಲ್ಲ. ಎಲೆಯಗಲ ಇತ್ತು.

"ಸಾಕೋ! ಸಾಕೋ ಮಾರಾಯ! ಸಾಕು!"

ಕಾಳಾಚಾರಿ ಎಲೆ ಬಿಟ್ಟೆದ್ದು ಅಡ್ಡಬಿದ್ದ.

"ಏ, ಏ! ನಾನು ಹೇಳಿದ್ದು ಹೋಳಿಗೆಗೆ!" ಎಂದ ನಾಯಕ.

"ಹೋಳಿಗೆಯನ್ನು ಯಾರು ಪರೀಕ್ಷೆಗೆ ತಂದರು ದೊರೆಗಳೇ?" ಶೇಷಗಿರಿಯಪ್ಪ ತುಪ್ಪ ತೊಟ್ಟಿಕ್ಕುವ ಕತ್ತಿಯನ್ನು ಎತ್ತಿ ತೋರಿಸಿದ. "ಪರೀಕ್ಷೆ ಇದರದು. ಬಡಿಸುತ್ತ ಇದ್ದದ್ದು ಇದು. ಇದು ಬಳಲಲಿಲ್ಲ, ಬಾಗಲಿಲ್ಲ. ಸಾಕು ಅಂದವರು ತಾವು."

ನಾಯಕ ಕತ್ತಿ ನೋಡಿದ, ಎಲೆ ನೋಡಿದ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಬಿದ್ದೂಬಿದ್ದು ನಗತೊಡಗಿದ. "ಅಯ್ಯೋ, ನಗಿಸಬೇಡಿರೋ, ನೋಯ್ತದೆ!" ಎನ್ನುತ್ತಲೇ ಅಪ್ಪಣೆ ಕೊಟ್ಟ: "ಆ ಆರು ಜನರನ್ನೂ ಗಾಡಿ ಕಳಿಸಿ ಕರೆಸಿ. ಅವರವರ ಅಡಿಗಲ್ಲು ಅವರವರಿಗೆ ಕೊಡಿ. ಅರಮನೆಯ ಕೆಲಸ ಇವತ್ತಿನಿಂದ ಕಾಳಾಚಾರಿಯದು."

"ಮೊದಲು ನನ್ನ ಈಳಿಗೆಮಣೆ," ಎಂದ ಶೇಷಗಿರಿಯಪ್ಪ.

"ಆಯ್ತಯ್ಯಾ, ಅದೇ ಮೊದಲು. ಈಗ ತಾ ಆ ಕತ್ತಿ, ನನ್ನ ನಡುವಿಗೆ ಕಟ್ಟು!"

ಕಾಳಾಚಾರಿ ಕತ್ತಿಯನ್ನು ಒರೆಸಿ, ಒರೆಗೆ ಸೇರಿಸಿ, ತೊಗಲಿನ ನಡುಪಟ್ಟಿಯನ್ನು ನಾಯಕನ ಸೊಂಟಕ್ಕೆ ಸುತ್ತಿದ. ಸುತ್ತು ಪೂರ್ತಿ ಬರಲಿಲ್ಲ. ಎಳೆದ. ಇಬ್ಬರು ಭಟರು ಬಂದು ಎಳೆದರು. ಗೇಣು ದೂರ ಹಾಗೇ ಉಳಿಯಿತು.

ಎಲ್ಲರೂ ನೆಲ ನೋಡುತ್ತ ನಿಂತರು. ಶೇಷಗಿರಿಯಪ್ಪ ಮೆಲ್ಲಗೆ ಹೋಳಿಗೆಯ ತಟ್ಟೆ ಎತ್ತಿಕೊಂಡ.

"ಕತ್ತಿ ಗೆದ್ದಿತು ದೊರೆಗಳೇ. ಇನ್ನು ನಡುಪಟ್ಟಿಯ ಪರೀಕ್ಷೆ. ಬಡಿಸಲೇ?"