ಅಡುಗೆ ಪುಸ್ತಕದ ರೇಷ್ಮೆ

ಮದುವೆಯ ಉಡುಗೊರೆಗೆಂದು ಬಂದ ಅಡುಗೆ ಪುಸ್ತಕಕ್ಕೆ ಗಟ್ಟಿ ರಟ್ಟು ಕಟ್ಟಿ, ಮೇಲೆ ಯಾವ ಬಟ್ಟೆ ಅಂಟಿಸಲಿ ಎಂದು ಬೈಂಡರ್ ಇಮಾಮಸಾಬ ಯೋಚಿಸುತ್ತಿದ್ದ.

"ಇದಕ್ಕೆ ಎಣ್ಣೆ ಕೈ, ಅರಿಸಿನದ ಕೈ ತಾಗುತ್ತದೆ. ನಾನು ತಡೆದುಕೊಳ್ಳುತ್ತೇನೆ," ಎಂದಿತು ಒರಟು ಖಾದಿ.

"ಉಡುಗೊರೆಗೆ ನೀನೇ? ಕೊಟ್ಟವರ ಮಾನ ಹೋದೀತು!" ಎಂದು ರೇಷ್ಮೆ ಮಿನುಗಿತು. ಇಮಾಮಸಾಬ ಅದನ್ನೇ ಆರಿಸಿದ.

ಮದುವೆಯಾದ ಮೇಲೆ ಅತ್ತೆ, "ಮುಟ್ಟಬ್ಯಾಡವ್ವಾ, ರೇಷ್ಮೆ ಹಾಳಾಗ್ತದ," ಎಂದು ಸೊಸೆಯ ಕೈಯಿಂದ ಪುಸ್ತಕ ತೆಗೆದು ಗಾಜಿನ ಬೀರುವಿನಲ್ಲಿಟ್ಟಳು. ಹಬ್ಬದ ದಿನ ಸೊಸೆ ಮಾಡಿದ ಹೂರಣ ನೀರಾಯಿತು. ನೆಂಟರೆಲ್ಲರ ಮುಂದೆ ಅವಳು ತಲೆ ತಗ್ಗಿಸಿ ನಿಂತಳು.

ಗಾಜಿನಾಚೆ ಅದನ್ನು ಕಂಡ ರೇಷ್ಮೆ, ತಾನು ಹೊದಿಸಿದ್ದ ಪುಸ್ತಕವನ್ನು ಕೇಳಿತು: "ನೀರಾದ ಹೂರಣ ಸರಿಮಾಡುವ ಬಗೆ ನಿನ್ನೊಳಗಿಲ್ಲವೇ?"

"ಇದೆ," ಎಂದಿತು ಪುಸ್ತಕ. "ನೀನು ಅವಳಿಗೆ ತೆರೆಯಲು ಬಿಡಲಿಲ್ಲ."

ಆಮೇಲೆ ಆ ಹುಡುಗಿ ಬೀರುವಿನ ಮುಂದೆ ಹಾದಾಗಲೆಲ್ಲ ರೇಷ್ಮೆಗೆ ತನ್ನ ಹೊಳಪನ್ನು ಎಲ್ಲಿ ಬಚ್ಚಿಡಲಿ ಎನಿಸುತ್ತಿತ್ತು.